ತಂತಿ ಕಳ್ಳರಿಂದ ನಾಲೆ ಏರಿಯವರೆಗೆ

ಪ್ರವಾಸ ಹೊರಟವರಿಗೆ ನಾವು ಹೇಳುವ ಮಾತು ಒಂದೇ: ಹುಷಾರಾಗಿ ಹೋಗಿ ಬನ್ನಿ. ಗುರುತಿಲ್ಲದ ಊರಿನಲ್ಲಿ ನಮ್ಮ ಕ್ಷೇಮ ನಮ್ಮ ಎಚ್ಚರಿಕೆಯಲ್ಲೇ ಇದೆ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ನಡುವೆ, ಹೊಣಕೆರೆಯ ಆಸುಪಾಸಿನ ದಾರಿಗಳ ಚರಿತ್ರೆ ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಮೇಲುಕೋಟೆಯ ವೈರಮುಡಿ ಉತ್ಸವಕ್ಕೆ, ಶ್ರವಣಬೆಳಗೊಳಕ್ಕೆ, ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಡಲು ಪರ ಊರಿನವರು ತಲೆಮಾರುಗಳಿಂದ ನಡೆದುಬಂದ ಸೀಮೆಯಿದು. ಅವರನ್ನು ಕಾಪಾಡಿದ್ದು ದಾರಿಯ ಪಕ್ಕದವರು ಹೊತ್ತುಕೊಂಡ ಹೊಣೆ: ಅರವಟ್ಟಿಗೆ, ಛತ್ರ, ಸಾಲುಮರ, ತಲೆಹೊರೆ ಇಳಿಸಿಕೊಳ್ಳಲು ನೆಟ್ಟ ಕಲ್ಲು. ಅರವಟ್ಟಿಗೆಗೆ ಭೂಮಿ ಬಿಟ್ಟ ದಾನಶಾಸನಗಳು ಕನ್ನಡ ನಾಡಿನಲ್ಲಿ ಸಾಕಷ್ಟಿವೆ. ದಾರಿಹೋಕನಿಗೆ ನೀರು ಕೊಡುವುದನ್ನು ಯಾರೋ ಒಬ್ಬರ ಆ ಹೊತ್ತಿನ ಕರುಣೆಗೆ ಬಿಟ್ಟಿರಲಿಲ್ಲ. ಜಮೀನಿನ ಹುಟ್ಟುವಳಿಯನ್ನೇ ಅದಕ್ಕೆ ಕಟ್ಟಿಹಾಕಿದ್ದರು.

ಹಳೆಯ ದಾರಿಗಳೇನು ಕ್ಷೇಮವಾಗಿದ್ದವೇ ಎಂದು ಯಾರಾದರೂ ಕೇಳಬಹುದು. ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಬಳಿ ನೂರರಷ್ಟು ಜನ ಸಿಕ್ಕಿಬಿದ್ದರು. ಉತ್ತರದಲ್ಲಿ ಥಗ್ಗರೆಂದು ಹೆಸರಾದ, ಪ್ರಯಾಣಿಕರ ಕುತ್ತಿಗೆಗೆ ಕುಣಿಕೆ ಬಿಗಿದು ದೋಚುವ ಗುಂಪು ಅದು. 1816ರಲ್ಲಿ ಮದರಾಸಿನ ವೈದ್ಯ ಷರ್‌ವುಡ್ ಇವರ ಬಗ್ಗೆ ಬರೆದಾಗ ಇವರಿಗಿದ್ದ ಕನ್ನಡದ ಹೆಸರನ್ನೂ ದಾಖಲಿಸಿದ: ತಂತಿ ಕಳ್ಳರು. ಇವರ ವರಸೆಯೇ ನನ್ನ ವಾದಕ್ಕೆ ಗಟ್ಟಿ ಸಾಕ್ಷಿ. ಇವರು ಪೊದೆಯಿಂದ ಹಾರಿ ಬೀಳುವವರಲ್ಲ. ತಾವೂ ದಾರಿಹೋಕರೆಂದು ಜೊತೆಗೂಡಿ, ದಿನಗಟ್ಟಲೆ ಸಂಗಡ ನಡೆದು, ನಂಬಿಕೆ ಹುಟ್ಟಿದ ಮೇಲೆ ಕೊಲ್ಲುವವರು. ಒಂಟಿಯಾಗಿ ಹೋಗಬೇಡ, ಜೊತೆ ನೋಡಿಕೊಂಡು ಹೋಗು ಎಂಬ ಬುದ್ಧಿವಾದವನ್ನು ಪಾಲಿಸಿದವನೇ ಅವರ ಕೈಗೆ ಸಿಕ್ಕ. ಎಚ್ಚರಿಕೆಯೇ ಬಲೆಯಾದಲ್ಲಿ ಇನ್ನಷ್ಟು ಎಚ್ಚರಿಕೆಯಿಂದ ಏನು ಪ್ರಯೋಜನ? ಆ ಹಾವಳಿಯನ್ನು ಕೊನೆಗೆ ಮುರಿದದ್ದು ಸರ್ಕಾರ ತಾನೇ ನಿಂತು ನಡೆಸಿದ ಹುಡುಕಾಟ, ಪ್ರಯಾಣಿಕರ ಜಾಣ್ಮೆಯಲ್ಲ.

ನದಿಯ ವಿಷಯವೂ ಹೀಗೆಯೇ. ಕಾವೇರಿ ತುಂಬಿದಾಗ ಹರಿಗೋಲು ಹತ್ತಿದವನ ಜೀವ ಹುಟ್ಟು ಹಾಕುವವನ ತೋಳಿನಲ್ಲಿತ್ತು. ದಿವಾನ್ ಪೂರ್ಣಯ್ಯ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಗೆ ಕಮಾನುಗಳಿಲ್ಲ. ಕಲ್ಲುಕಂಬ, ಅದರ ಮೇಲೆ ಬೋದಿಗೆ, ಅದರ ಮೇಲೆ ಕಲ್ಲಿನ ತೊಲೆ. ದೇವಸ್ಥಾನ ಕಟ್ಟಿದ ಕೈಗಳಿಗೆ ಗೊತ್ತಿದ್ದ ಕೆಲಸವನ್ನೇ ಹೊಳೆಯಲ್ಲಿ ನಿಲ್ಲಿಸಿದಂತಿದೆ. ಛತ್ರಗಳಲ್ಲಿ ಜಾತಿ ನೋಡಿ ಎಲೆ ಹಾಕುತ್ತಿದ್ದರು, ಆ ಕಾಲವನ್ನು ಹೊಗಳುವುದೇಕೆ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಎಷ್ಟೋ ಜನರಿಗೆ ಛತ್ರದ ಜಗುಲಿಯೂ ಇರಲಿಲ್ಲ. ಸೇತುವೆ ಹಾಗಲ್ಲ, ಮೇಲೆ ಕಾಲಿಟ್ಟವನು ಯಾರೆಂದು ಅದು ಕೇಳದು. ಅದಕ್ಕೇ ಪೂರ್ಣಯ್ಯನವರ ಕಲ್ಲುಕಂಬಗಳನ್ನು ನಾನು ಅವರ ಕಾಲದ ಯಾವ ಅನ್ನದಾನಕ್ಕಿಂತಲೂ ಮೇಲೆ ಇಡುತ್ತೇನೆ.

ನಮ್ಮ ಕಾಲದ ದಾರಿಗೂ ಇದೇ ಮಾತು ಸಲ್ಲುತ್ತದೆ. ವಿಶ್ವೇಶ್ವರಯ್ಯ ನಾಲೆ, ಹಿಂದಿನ ಇರ್ವಿನ್ ನಾಲೆ, ಈ ಸೀಮೆಗೆ ಅನ್ನ ಕೊಟ್ಟಿತು. ನಾಲೆ ಏರಿ ಮೊದಲು ನೀರು ಬಿಡುವ ಸೌಡಿಗಳ, ನೀರುಗಂಟಿಗಳ ಓಡಾಟದ ಜಾಗ. ಬರಬರುತ್ತಾ ನಾಲೆಯ ಮಗ್ಗುಲಲ್ಲೇ ಬಸ್ಸುಗಳೂ ಓಡತೊಡಗಿದವು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ನಾಲೆಗೆ ಬಿದ್ದು 30 ಜನ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಚಾಲಕ ನಿಧಾನಿಸಬೇಕಿತ್ತು ಎನ್ನುವವರಿದ್ದಾರೆ; ಆದರೆ ಒಬ್ಬ ಚಾಲಕನ ಒಂದು ತಪ್ಪಿಗೆ ಮೂವತ್ತು ಜೀವ ಹೋಗದಂತೆ ತಡೆಯುವುದು ತಡೆಗೋಡೆಯ ಕೆಲಸ. ಅಂಥ ಹೊತ್ತಿನಲ್ಲಿ ಮೊದಲು ಓಡಿಬರುವವರು ಅಕ್ಕಪಕ್ಕದ ಗದ್ದೆಯವರೇ. ಹಾಗೆ ಬಂದವರನ್ನು ಪೊಲೀಸ್ ಠಾಣೆ, ಕೋರ್ಟು ಎಂದು ಅಲೆಸಬಾರದೆಂದು ಕರ್ನಾಟಕ ಮಾಡಿದ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದೂ ಅದೇ 2018ರಲ್ಲಿ. ಅದಕ್ಕೂ ಎರಡು ವರ್ಷ ಮೊದಲು, ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹ ತುಂಡಾದರೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಬೇಡಿ ಸತ್ತ ಹರೀಶ್ ಎಂಬ ಯುವಕನ ಹೆಸರಿನಲ್ಲಿ ಸರ್ಕಾರ ಸಾಂತ್ವನ ಯೋಜನೆ ತಂದಿತು: ರಸ್ತೆಯಲ್ಲಿ ಗಾಯಗೊಂಡವರಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. ಗಾಯಾಳು ಈ ರಾಜ್ಯದವನೋ, ಪರರಾಜ್ಯದವನೋ, ಪರದೇಶದಿಂದ ಮೇಲುಕೋಟೆ ನೋಡಲು ಬಂದವನೋ ಎಂಬ ಭೇದವನ್ನು ಅದರಲ್ಲಿ ಇಡಲಿಲ್ಲ.