ದಯೆ ಬೇರೆ, ಸ್ವಾತಂತ್ರ್ಯ ಬೇರೆ

ನಾನು ಓದಿದ್ದು ಬಿ.ಇ., ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ಆದರೆ ಇತಿಹಾಸದ ರುಚಿ ಹತ್ತಿದ್ದು ಇದೇ ಶಾಲೆಯಲ್ಲಿ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ, ಹೆಚ್ಚುಕಡಿಮೆ ನಮ್ಮ ಶಾಲೆಯಷ್ಟೇ ವಯಸ್ಸಿನ ಒಂದು ಮೊಕದ್ದಮೆಯ ಬಗ್ಗೆ ಬರೆಯುತ್ತಿದ್ದೇನೆ. ಅದಕ್ಕೆ ಮೊದಲು ಒಂದು ಹಳೆಯ ಪ್ರಶ್ನೆ: ಸ್ವಾತಂತ್ರ್ಯ ಎಂದರೇನು?

ಪ್ರಾಚೀನ ರೋಮ್ ಗಣರಾಜ್ಯದಲ್ಲಿ ಸ್ವತಂತ್ರನೆಂದರೆ ಗುಲಾಮನಲ್ಲದವನು. ಗುಲಾಮನ ಒಡೆಯ ಒಳ್ಳೆಯವನಾಗಿದ್ದು, ಒಂದು ದಿನವೂ ಹೊಡೆಯದಿರಬಹುದು. ಆದರೆ ಮನಸ್ಸು ಬಂದರೆ ಹೊಡೆಯಬಲ್ಲ, ಕೇಳುವವರಿಲ್ಲ. ಹಾಗಾಗಿ ಹೊಡೆತ ಬೀಳದ ದಿನವೂ ಗುಲಾಮ ಗುಲಾಮನೇ. ಇನ್ನೊಬ್ಬರ ಮರ್ಜಿಯಲ್ಲಿ ಬದುಕದಿರುವುದೇ ಸ್ವಾತಂತ್ರ್ಯ. ಈ ಕಾರಣಕ್ಕೇ ರೋಮನ್ನರು ರಾಜನ ಬದಲು ಇಬ್ಬರು ಕಾನ್ಸಲ್‌ಗಳನ್ನು ಒಂದೇ ವರ್ಷದ ಅವಧಿಗೆ ಆರಿಸುತ್ತಿದ್ದರು. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಿತ್ತು. ಗುಲಾಮಗಿರಿಯನ್ನು ಮಾತ್ರ ಅವರು ಕೈಬಿಡಲಿಲ್ಲ ಎಂಬುದೂ ನಿಜ.

ಈಗ ನಮ್ಮ ದೇಶದ ಮೊಕದ್ದಮೆಗೆ ಬರೋಣ. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ‘ಮೀಸಾ’ ಕಾಯ್ದೆಯಡಿ ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಬಂಧಿಸಲಾಯಿತು. ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ ಅವರೂ ಇಲ್ಲಿನ ಸೆಂಟ್ರಲ್ ಜೈಲು ಸೇರಿದರು. ಬಂಧನವನ್ನು ಪ್ರಶ್ನಿಸಿ ಕೋರ್ಟಿಗೆ ಬರಬಹುದು ಎಂದು ಕರ್ನಾಟಕವೂ ಸೇರಿ ಹಲವು ಹೈಕೋರ್ಟ್‌ಗಳು ಹೇಳಿದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಆ ಹಕ್ಕು ಇಲ್ಲ ಎಂದರು. ಬಂದಿಗಳನ್ನು ಸರ್ಕಾರ ಹೆಚ್ಚುಕಡಿಮೆ ತಾಯಿಯಂತೆ ನೋಡಿಕೊಳ್ಳುತ್ತಿದೆ ಎಂಬರ್ಥದ ಮಾತೂ ಅವರಲ್ಲೊಬ್ಬರ ತೀರ್ಪಿನಲ್ಲಿತ್ತು.

ಒಳ್ಳೆಯ ಒಡೆಯನ ಗುಲಾಮ ನನಗೆ ಇಲ್ಲಿ ನೆನಪಾಗುತ್ತಾನೆ. ಜೈಲಿನ ಊಟ ಚೆನ್ನಾಗಿದೆಯೇ ಎಂಬುದು ಪ್ರಶ್ನೆಯಾಗಿರಲಿಲ್ಲ. ‘ನನ್ನನ್ನೇಕೆ ಹಿಡಿದಿರಿ?’ ಎಂದು ಬಂದಿ ಕೇಳಿದರೆ ಸರ್ಕಾರ ಉತ್ತರ ಕೊಡಲೇಬೇಕೇ ಎಂಬುದು ಪ್ರಶ್ನೆಯಾಗಿತ್ತು.

ಕೊಡಲೇಬೇಕು ಎಂದು ಭಿನ್ನ ತೀರ್ಪು ಬರೆದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. 1977ರಲ್ಲಿ ಅವರ ಹಿರಿತನ ಕಡೆಗಣಿಸಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ರಾಜೀನಾಮೆ ಕೊಟ್ಟರು. ಮುಂದೆ 1978ರ 44ನೇ ತಿದ್ದುಪಡಿಯು, ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಕಸಿಯದಂತೆ ಮಾಡಿತು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ 1976ರ ತೀರ್ಪನ್ನು ತಳ್ಳಿಹಾಕಿತು.

ನಮ್ಮ ಕೆಲಸದಲ್ಲಿ ಎಷ್ಟೇ ನಂಬಿಗಸ್ತ ಎಂಜಿನಿಯರ್ ಬರೆದ ಕೋಡ್ ಆದರೂ ಇನ್ನೊಬ್ಬರು ಪರಿಶೀಲಿಸಿದ ಮೇಲೆಯೇ ಬಿಡುಗಡೆಯಾಗುತ್ತದೆ. ಅದನ್ನು ಯಾರೂ ಅವಮಾನವೆಂದು ತಿಳಿಯುವುದಿಲ್ಲ. ಅಧಿಕಾರಕ್ಕೂ ಅಂಥದೇ ಪರಿಶೀಲನೆ ಬೇಕು. ಒಳ್ಳೆಯವರನ್ನು ಆರಿಸೋಣ, ಆದರೆ ಅವರ ಒಳ್ಳೆಯತನವನ್ನಷ್ಟೇ ನೆಚ್ಚಿ ಕೂರುವುದು ಬೇಡ. ವಿದ್ಯಾರ್ಥಿ ಮಿತ್ರರೇ, ಸಮಾಜ ವಿಜ್ಞಾನದಲ್ಲಿ ಮೂಲಭೂತ ಹಕ್ಕುಗಳ ಪಾಠ ಬಂದಾಗ, ಅಂಕಕ್ಕಾಗಿ ಓದುವುದರ ಜೊತೆಗೆ ಈ ಮೊಕದ್ದಮೆಯನ್ನೂ ಒಮ್ಮೆ ನೆನೆಯಿರಿ.