ಡೀಸೆಲ್ ಮುಳ್ಳು ಸುಳ್ಳು ತೋರಿದಾಗ
ಬಳ್ಳಾರಿ ಜಿಲ್ಲೆ ಸಿರುಗುಪ್ಪ ತಾಲ್ಲೂಕಿನ ದೇಶನೂರು ಸುತ್ತಲಿನ ಭತ್ತದ ಸೀಮೆಯಲ್ಲಿ ನಾಟಿಗೆ ಮುನ್ನ ಕೆಸರುಗದ್ದೆ ಹದಗೊಳಿಸಲು ಟ್ರ್ಯಾಕ್ಟರ್ ಬೇಕು. ಇಂಧನ ಮಾಪಕವನ್ನು ನಂಬಿ ನಡುಗದ್ದೆಯಲ್ಲಿ ಡೀಸೆಲ್ ಬರಿದಾದರೆ ಕೊಳವೆಯೊಳಗೆ ಗಾಳಿ ಸೇರುತ್ತದೆ. ಅದನ್ನು ಹೊರತೆಗೆಯುವವರೆಗೆ ಕೆಲಸ ನಿಂತಂತೆಯೇ. ಆದರೆ ಮುಳ್ಳು ತಪ್ಪು ತೋರಿದ ಮಾತ್ರಕ್ಕೆ ಮಾಪಕವೇ ಕೆಟ್ಟಿದೆ ಎನ್ನಲಾಗದು.

ರಚನೆ: ಟ್ಯಾಂಕಿನೊಳಗಿನ ಫ್ಲೋಟ್ ಏರಿಳಿದಂತೆ ಸೆಂಡರ್ ಘಟಕದ ವಿದ್ಯುತ್ ರೋಧ ಬದಲಾಗಿ ಮುಳ್ಳು ಚಲಿಸುತ್ತದೆ. ವಾಹನದ ಚೌಕಟ್ಟಿಗೆ ಸೇರುವ ಅರ್ತ್ ಸಂಪರ್ಕದಿಂದ ಮಂಡಲ ಪೂರ್ಣಗೊಳ್ಳುತ್ತದೆ.

ಪರೀಕ್ಷೆ: ಮೊದಲು ಫ್ಯೂಸ್ ನೋಡಬೇಕು. ಬಳಿಕ ಕೀಲಿ ತಿರುಗಿಸಿ ಸೆಂಡರ್ ವೈರನ್ನು ಕಳಚಿದಾಗ ಮುಳ್ಳು ಒಂದು ತುದಿಗೂ, ಆ ವೈರನ್ನು ಕ್ಷಣಕಾಲ ಚೌಕಟ್ಟಿಗೆ ತಾಗಿಸಿದಾಗ ಇನ್ನೊಂದು ತುದಿಗೂ ಸರಿಯಬೇಕು. ಸರಿದರೆ ಮಾಪಕವೂ ವೈರೂ ಸುಸ್ಥಿತಿಯಲ್ಲಿವೆ. ದೋಷ ಸೆಂಡರ್ ಅಥವಾ ಅರ್ತ್‌ನಲ್ಲಿದೆ. ಸರಿಯದಿದ್ದರೆ ವೈರು, ವಿದ್ಯುತ್ ಪೂರೈಕೆ, ಮಾಪಕ ಇವುಗಳನ್ನು ಕ್ರಮವಾಗಿ ಪರಿಶೀಲಿಸಬೇಕು.

ಸೆಂಡರ್: ಫ್ಲೋಟನ್ನು ಕೈಯಿಂದ ಎತ್ತಿದಾಗ ಮಲ್ಟಿಮೀಟರ್‌ನಲ್ಲಿ ರೋಧ ಒಂದೇ ಸಮನೆ ಬದಲಾಗಬೇಕು. ಕೆಲವು ಮಾದರಿಗಳಲ್ಲಿ ಖಾಲಿಗೆ 240, ಭರ್ತಿಗೆ 33 ಓಮ್. ಇನ್ನು ಕೆಲವದರಲ್ಲಿ ಖಾಲಿಗೆ 10, ಭರ್ತಿಗೆ 180 ಓಮ್. ಹೊಂದದ ಸೆಂಡರ್ ಜೋಡಿಸಿದರೆ ಖಾಲಿ ಟ್ಯಾಂಕೂ ಭರ್ತಿಯೆಂದು ತೋರಬಹುದು.

ಎಚ್ಚರಿಕೆ: ಪೆಟ್ರೋಲ್ ವಾಹನದ ಟ್ಯಾಂಕಿನ ಬಳಿ ಕಿಡಿ ಹಾರಿದರೆ ಬೆಂಕಿ ಹೊತ್ತುವ ಅಪಾಯವಿದೆ. ಎಲೆಕ್ಟ್ರಾನಿಕ್ ಮಾಪಕಗಳಿಗೆ ವೈರು ತಾಗಿಸುವ ಪರೀಕ್ಷೆ ಸಲ್ಲದು. ತಯಾರಕರ ಕೈಪಿಡಿಯನ್ನೇ ಅನುಸರಿಸಬೇಕು.

ಕೆಸರು, ತೇವದಿಂದ ತುಕ್ಕು ಹಿಡಿದ ಅರ್ತ್ ಸಂಪರ್ಕವನ್ನು ಉಜ್ಜಿ ಬಿಗಿಗೊಳಿಸಿದರೆ ಎಷ್ಟೋ ಬಾರಿ ಹೊಸ ಮಾಪಕದ ಖರ್ಚೇ ಉಳಿಯುತ್ತದೆ. ದುರಸ್ತಿಯಾಗುವವರೆಗೆ ಡೀಸೆಲ್ ಟ್ಯಾಂಕಿಗೆ ಶುಭ್ರವಾದ ಕಡ್ಡಿ ಇಳಿಸಿ ಅಳೆಯುವುದು ಕ್ಷೇಮ.