ಯಂತ್ರದೆದುರಿನ ದಾಕ್ಷಿಣ್ಯ

ಬರ್ಲಿನ್ನಿನ ಯೆಹೂದಿ ಮನೆತನವೊಂದರಲ್ಲಿ 1923ರಲ್ಲಿ ಜನಿಸಿ, ನಾತ್ಸಿಗಳ ಆಳ್ವಿಕೆಯ ದೆಸೆಯಿಂದ 1936ರಲ್ಲಿ ಅಮೆರಿಕೆಯನ್ನು ಸೇರಿದ ಜೋಸೆಫ್ ವೈಜೆನ್‌ಬಾಮ್ ಅವರು, ಎಂಐಟಿ ವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕರಾಗಿದ್ದಾಗ ರಚಿಸಿ 1966ರ ಜನವರಿಯಲ್ಲಿ ವಿದ್ವಲ್ಲೋಕದ ಮುಂದಿಟ್ಟ ‘ಎಲೈಜಾ’ ಎಂಬ ಪ್ರೋಗ್ರಾಂ, ಯಂತ್ರವನ್ನು ಮನುಷ್ಯರು ಮಾತಿನ ಜೊತೆಗಾರನಾಗಿ ಬರಮಾಡಿಕೊಂಡ ಚರಿತ್ರೆಯ ಮೊದಲ ಅಧ್ಯಾಯಗಳಲ್ಲೊಂದು.

ಅದರ ಒಳಗುಟ್ಟು ಅತಿ ಸರಳವಾದದ್ದು. ಟೈಪ್‌ರೈಟರಿನ ಮುಂದೆ ಕುಳಿತವರು ಒಂದು ವಾಕ್ಯವನ್ನು ಒತ್ತಿದರೆ, ಅದು ಆ ವಾಕ್ಯದಲ್ಲಿ ತನಗೆ ಗುರುತಿರುವ ಪದವೊಂದನ್ನು ಹುಡುಕಿ, ‘ನಾನು’ ಎಂದಿದ್ದುದನ್ನು ‘ನೀವು’ ಎಂದು ತಿರುಗಿಸಿ, ಅದೇ ಮಾತನ್ನು ಪ್ರಶ್ನೆಯಾಗಿ ಹಿಂದಕ್ಕೆ ಕೊಡುತ್ತಿತ್ತು. ತಾಯಿಯ ಪ್ರಸ್ತಾಪ ಬಂದರೆ ಮನೆಯವರ ವಿಚಾರ ಇನ್ನಷ್ಟು ಹೇಳಿರೆಂದು ಕೇಳುತ್ತಿತ್ತು. ಗುರುತಿನ ಪದವೇ ದೊರೆಯದಿದ್ದರೆ, ಅವರೇ ಹಿಂದೆ ಆಡಿದ್ದ ಮಾತೊಂದನ್ನು ಕೂಡಿಟ್ಟಲ್ಲಿಂದ ಹೊರತೆಗೆದು ನೆನಪಿಸುತ್ತಿತ್ತು, ಅದೂ ಇಲ್ಲದಾಗ ಮುಂದುವರಿಸಿರೆಂದು ಸುಮ್ಮನಾಗುತ್ತಿತ್ತು. ರೋಗಿಯ ಮಾತನ್ನೇ ಅವನಿಗೆ ಮರಳಿಸುವ, ಕಾರ್ಲ್ ರಾಜರ್ಸರ ಪದ್ಧತಿಯ ಮನೋವೈದ್ಯನ ಪಾತ್ರವನ್ನು ಅದಕ್ಕೆ ವಹಿಸಿದುದೂ ಬುದ್ಧಿಪೂರ್ವಕವಾಗಿಯೇ: ಲೋಕಜ್ಞಾನ ಏನೊಂದೂ ಇಲ್ಲದವನಂತೆ ಪ್ರಶ್ನೆ ಕೇಳಿದರೂ ಅಸಹಜವೆನಿಸದ ವೃತ್ತಿ ಅದೊಂದೇ ಎಂಬಷ್ಟು ಅಪರೂಪ.

ಈ ಕೆಲಸವನ್ನು ತಿಂಗಳುಗಟ್ಟಲೆ ಕಣ್ಣೆದುರೇ ಕಂಡಿದ್ದ, ಇದು ಕೇವಲ ಯಂತ್ರವೆಂದು ಚೆನ್ನಾಗಿ ಬಲ್ಲ ಅವರ ಕಾರ್ಯದರ್ಶಿನಿಯು, ಒಂದು ದಿನ ಎಲೈಜಾದೊಡನೆ ನಾಲ್ಕಾರು ಮಾತು ನಡೆಸಿ, ತಾವು ಸ್ವಲ್ಪ ಹೊರಗೆ ಹೋಗುವಿರಾ ಎಂದು ವೈಜೆನ್‌ಬಾಮರನ್ನೇ ಕೇಳಿಕೊಂಡರಂತೆ. ಅವರು ಬೆರಗಾದರು, ಬೆರಗಿಗಿಂತ ಹೆಚ್ಚಾಗಿ ಕಳವಳಗೊಂಡರು. ಇಷ್ಟು ಅಲ್ಪವಾದ ಪ್ರೋಗ್ರಾಂ ಇಷ್ಟು ಅಲ್ಪ ಕಾಲದಲ್ಲಿ ಸ್ವಸ್ಥಚಿತ್ತರಲ್ಲಿ ಇಂಥ ಭ್ರಮೆಯನ್ನು ಹುಟ್ಟಿಸಬಹುದೆಂದು ತಾವು ಎಣಿಸಿರಲಿಲ್ಲವೆಂದು ಮುಂದೆ ಬರೆದರು.

ಭ್ರಮೆಯೆಂಬ ಆ ನಿರ್ಣಯವನ್ನು ನಾನು ಒಪ್ಪಲಾರೆ. ಭ್ರಮೆಯು ತಿಳಿವಳಿಕೆ ಬಂದೊಡನೆ ಅಳಿಯತಕ್ಕದ್ದು. ಆಕೆಗೆ ತಿಳಿವಳಿಕೆ ಮೊದಲೇ ಇತ್ತು. 1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನಶ್ಶಾಸ್ತ್ರಜ್ಞರು ಎರಡು ತ್ರಿಕೋನಗಳೂ ಒಂದು ಪುಟ್ಟ ವೃತ್ತವೂ ಅತ್ತಿತ್ತ ಚಲಿಸುವ ಕಿರುಚಿತ್ರವನ್ನು ತೋರಿಸಿ, ಕಂಡದ್ದನ್ನು ಬರೆಯಿರೆಂದಾಗ, 34 ಮಂದಿಯ ಮೊದಲ ಗುಂಪಿನಲ್ಲಿ ಒಬ್ಬರ ಹೊರತು ಎಲ್ಲರೂ ಆ ಚಲನೆಯನ್ನು ಜೀವಿಗಳ ನಡೆಯೆಂದೇ ಬಗೆದು ಬರೆದರು. ಗೆರೆಗಳಲ್ಲಿಯೂ ಆಶಯವನ್ನು ಕಾಣುವ ಚಿತ್ತವು, ತನ್ನ ಮಾತಿಗೆ ಸರಿಯಾದ ಹೊತ್ತಿಗೆ ಮರುಮಾತು ಬಂದಾಗ ಆಡಿದವರೊಬ್ಬರನ್ನು ಕಲ್ಪಿಸದೆ ಇರುವುದಾದರೂ ಹೇಗೆ?

ಸ್ಟ್ಯಾನ್‌ಫರ್ಡಿನಲ್ಲಿ 1990ರ ದಶಕದಲ್ಲಿ ಕ್ಲಿಫರ್ಡ್ ನ್ಯಾಸ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಇದನ್ನು ಇನ್ನೂ ಸ್ಪಷ್ಟಪಡಿಸಿದುವು. ಕಂಪ್ಯೂಟರೊಂದು ಪಾಠ ಹೇಳಿದ ಬಳಿಕ, ಪಾಠ ಹೇಗಿತ್ತೆಂದು ಅದೇ ಯಂತ್ರವು ಕೇಳಿದಾಗ ಜನರು ಕೊಟ್ಟ ಉತ್ತರವು, ಪಕ್ಕದ ಇನ್ನೊಂದು ಯಂತ್ರವು ಕೇಳಿದಾಗ ಕೊಟ್ಟದ್ದಕ್ಕಿಂತ ಮೃದುವಾಗಿತ್ತು. ಮುಖದೆದುರೇ ಕುಂದನ್ನಾಡಬಾರದೆಂಬ ದಾಕ್ಷಿಣ್ಯ ಅಲ್ಲಿಯೂ ಕೆಲಸ ಮಾಡಿತು; ಆದರೆ ಯಂತ್ರಕ್ಕೆ ಅಂಥ ಮರ್ಯಾದೆಯನ್ನು ತೋರುವಿರಾ ಎಂದು ವಿಚಾರಿಸಿದರೆ, ಕಂಪ್ಯೂಟರಿನಲ್ಲಿ ಪಳಗಿದ್ದ ಆ ಜನ ಇಲ್ಲವೆಂದೇ ಹೇಳಿದರು. ಹಾಗೆಂದವರು ಸುಳ್ಳಾಡಲಿಲ್ಲ. ಜನರೊಡನೆ ಬಾಳಿ ರೂಢಿಯಾದ ಸೌಜನ್ಯವು ವಿಚಾರಶಕ್ತಿಯ ಅಪ್ಪಣೆಗೆ ಕಾಯುವುದಿಲ್ಲ.

ವೈಜೆನ್‌ಬಾಮರ ಅಂಜಿಕೆ ಮಾತ್ರ ನಿರಾಧಾರವಾಗಿರಲಿಲ್ಲ. ಇಂಥ ಯಂತ್ರಗಳನ್ನು ಬೆಳೆಸಿ ಮನೋರೋಗಿಗಳ ಚಿಕಿತ್ಸೆಯನ್ನೇ ಅವಕ್ಕೆ ಒಪ್ಪಿಸಬಹುದೆಂದು ಕೆಲವು ವೈದ್ಯರು ಉತ್ಸಾಹದಿಂದ ನುಡಿದುದನ್ನು ಕಂಡು ನೊಂದ ಅವರು, ಯಂತ್ರಕ್ಕೆ ಸಾಧ್ಯವಾದರೂ ವಹಿಸಬಾರದ ಕಾರ್ಯಗಳುಂಟೆಂದು 1976ರಲ್ಲಿ ಒಂದು ಗ್ರಂಥವನ್ನೇ ರಚಿಸಿದರು. ಎಲೈಜಾದೊಡನೆ ನಡೆದ ಸಂಭಾಷಣೆಗಳನ್ನೆಲ್ಲ ಪರಿಶೀಲಿಸುವ ಏರ್ಪಾಡು ಮಾಡಬೇಕೆಂದು ಅವರೇ ಸೂಚಿಸಿದಾಗ, ಜನರ ಅಂತರಂಗವನ್ನು ಕದ್ದು ನೋಡುವ ಹುನ್ನಾರವಿದೆಂದು ಸುತ್ತಲಿನವರು ಆಕ್ಷೇಪಿಸಿದ ಸಂಗತಿಯೂ ಆ ಗ್ರಂಥದಲ್ಲಿದೆ. ಅದನ್ನೂ ಅವರು ಭ್ರಮೆಯ ಲೆಕ್ಕಕ್ಕೇ ಸೇರಿಸಿದರು. ನನಗಾದರೋ ಆಕ್ಷೇಪಿಸಿದವರ ಕಡೆಯೇ ನ್ಯಾಯವಿದ್ದಂತೆ ತೋರುತ್ತದೆ, ಏಕೆಂದರೆ ಆ ಬರಹವನ್ನು ಕುಳಿತು ಓದಲಿದ್ದವರು ಎಲೈಜಾ ಅಲ್ಲ, ಅವರದೇ ಕಚೇರಿಯ ಪ್ರೊಫೆಸರು.